ಮೇಜಿನ ಮೇಲೆ ಒಂದು ಮೊಳ ಜಾಗ

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಶಿಕಾರಿಪುರದ ಓಣಿಯೊಂದರ ಕೊನೆಯ ಮನೆಯಲ್ಲಿ ಬೀದಿ ಕಡೆಯ ಕೋಣೆಯ ದೀಪವೊಂದೇ ಉರಿಯುತ್ತಿದೆ. ಯಶೋಧರಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಭಾರದ ಹೊಲಿಗೆ ಯಂತ್ರವೊಂದನ್ನು ಎರಡೂ ಕೈಗಳಲ್ಲಿ ಎದೆಗವಚಿ ಹಿಡಿದು ನಿಂತಿದ್ದಾರೆ. ಅದನ್ನು ಇಳಿಸಲು ಜಾಗವಿಲ್ಲ. ನಿನ್ನೆ ಸಂಜೆ ಒರೆಸಿ ಬಿಟ್ಟಿದ್ದ ಕೆಲಸದ ಮೇಜಿನ ನಟ್ಟನಡುವೆ ಬಟ್ಟೆ ಹರಿದ ಕೊಡೆಯೊಂದು ಆರಾಮಾಗಿ ಮೈಚಾಚಿ ಮಲಗಿದೆ. ಅದರ ಪಕ್ಕದಲ್ಲಿ ಮುಳ್ಳಿಲ್ಲದ ಗಡಿಯಾರ, ಒಂದು ಬಾಗಿಲ ಚಿಲಕ.

"ಮಾವಾ, ಈ ಕೊಡೆ ಎಲ್ಲಿಂದ ಬಂತು?"

ಒಳಗಿನಿಂದ ಮೊದಲು ಕೆಮ್ಮು ಕೇಳಿಸುತ್ತದೆ. ಆಮೇಲೆ ಉತ್ತರ: "ಕಡ್ಡಿ ಗಟ್ಟಿ ಅದಾವೆ ನೋಡವ್ವ. ಕೆಲಸಕ್ಕೆ ಬರ್ತಾವೆ."

"ಯಾವ ಕೆಲಸಕ್ಕೆ?"

ಒಳಗಿನಿಂದ ಮತ್ತೆ ಕೆಮ್ಮು. ಯಶೋಧರಾ ಮೊಣಕೈಯಿಂದ ಕೊಡೆಯನ್ನು ಅಂಚಿಗೆ ತಳ್ಳಿ, ಯಂತ್ರವನ್ನು ಇಳಿಸಿ, ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ. "ಎಲ್ಲರ ಮನೆಯಲ್ಲೂ ಎದ್ದ ಕೂಡಲೆ ಅಂಗಳ ಗುಡಿಸಿ ನೀರು ಹಾಕ್ತಾರೆ. ನಾನು ಎದ್ದ ಕೂಡಲೆ ಈ ಮೇಜಿನ ಜತೆ ಜಗಳ ಆಡ್ತೀನಿ ರೀ," ಎಂದು ಮಾತಾಡಿಸಲು ಬಂದ ನಮ್ಮ ಕಡೆ ತಿರುಗಿ ಹೇಳುತ್ತಾರೆ. ಮಾತು ಮುಗಿಯುವುದರೊಳಗೆ ಯಂತ್ರದ ಹೊಟ್ಟೆ ತೆರೆದಾಗಿದೆ.

ಯಶೋಧರಾ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ಶಿಕಾರಿಪುರ ಪೇಟೆಯ ದರ್ಜಿಗಳು ಯಂತ್ರವನ್ನು ಇಲ್ಲಿಗೇ ಹೊತ್ತು ತರುತ್ತಾರೆ. ಸೊರಬ, ಆನವಟ್ಟಿ ಕಡೆಯವರು ಫೋನ್ ಮಾಡುತ್ತಾರೆ. ವಾರದ ಅರ್ಧದಷ್ಟು ದಿನ ಅವರು ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿನಲ್ಲಿರುತ್ತಾರೆ. ಎಣ್ಣೆಯ ವಾಸನೆ ಹೊಡೆಯುವ ಆ ಚೀಲವನ್ನು ಕಂಡರೆ ಕಂಡಕ್ಟರುಗಳು ಮುಂದಿನ ಸೀಟಿನ ಕೆಳಗೆ ಜಾಗ ತೋರಿಸುತ್ತಾರೆ. ಮನೆಯಲ್ಲೇ ಕೂತು ರವಿಕೆ, ಲಂಗ, ಶಾಲೆಯ ಸಮವಸ್ತ್ರ ಹೊಲಿಯುವ ಹೆಂಗಸರೇ ಅವರ ಗಿರಾಕಿಗಳಲ್ಲಿ ಹೆಚ್ಚು. ಯಂತ್ರ ಕೆಟ್ಟರೆ ಅದನ್ನು ಹೊತ್ತು ಪೇಟೆಗೆ ಹೋಗಲಾರದವರು. "ಗಂಡಸು ಮೆಕ್ಯಾನಿಕ್ ಬಂದ್ರೆ ಯಂತ್ರಾನ ಜಗಲಿಗೆ ತಂದಿಡಬೇಕು. ನಾನಾದ್ರೆ ಸೀದಾ ಒಳಗೇ ಹೋಗಿ ಕೂತ್ಕೊಳ್ತೀನಿ. ರಿಪೇರಿ ಆಗೋದರೊಳಗೆ ಅವರ ಸೊಸೆ ಕಥೆ, ಅತ್ತೆ ಕಥೆ ಎಲ್ಲಾ ಆಗುತ್ತೆ," ಎಂದು ನಗುತ್ತಾರೆ.

ಈ ಕೆಲಸ ಅವರಿಗೆ ತವರಿನಿಂದ ಬಂದದ್ದಲ್ಲ. ಸೊರಬ ಕಡೆಯ ಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಸೂಜಿಗೆ ದಾರ ಪೋಣಿಸುವುದಷ್ಟೇ ಗೊತ್ತಿತ್ತು. ಯಂತ್ರದ ವೈದ್ಯರೆಂದರೆ ಮಾವ ಪಂಚಾಕ್ಷರಪ್ಪ. ತಾಲ್ಲೂಕಿನಲ್ಲಿ ಹೊಲಿಗೆ ಯಂತ್ರಗಳೇ ಅಪರೂಪವಾಗಿದ್ದ ಕಾಲದಿಂದ ಆ ಕೆಲಸ ಹಿಡಿದವರು. ಗಂಡ ಮಹಾಂತೇಶ್‌ಗೆ ಅದು ಒಗ್ಗಲಿಲ್ಲ. ಅವರು ಅಕ್ಕಿ ಗಿರಣಿಯ ಲಾರಿ ಓಡಿಸುತ್ತಾರೆ. ಪಂಚಾಕ್ಷರಪ್ಪನವರ ಕೈ ನಡುಗತೊಡಗಿದ್ದು ಯಾರಿಗೂ ಹೇಳದೆ, ನಿಧಾನವಾಗಿ. ಒಂದು ದಿನ ಒಬ್ಬ ದರ್ಜಿ ಎದುರಿಗೇ ಕೂತು ಕಾಯುತ್ತಿದ್ದಾಗ, ಸೂಜಿ ಬಿಗಿಯುವ ಪುಟ್ಟ ತಿರುಪು ಅವರ ಬೆರಳಿನಿಂದ ಮತ್ತೆ ಮತ್ತೆ ಜಾರಿತು. ಚಹಾ ಕೊಡಲು ಬಂದಿದ್ದ ಸೊಸೆಯ ಕಡೆ ನೋಡದೆಯೇ ಅವರು "ನೀ ಸ್ವಲ್ಪ ಹಿಡಿಯವ್ವ" ಅಂದರು. ಅವತ್ತು ಹಿಡಿದ ತಿರುಪನ್ನು ಯಶೋಧರಾ ಇನ್ನೂ ಬಿಟ್ಟಿಲ್ಲ.

ಮೊದಮೊದಲು ಬಾಗಿಲಿಗೆ ಬಂದವರು ಇವರ ತಲೆಯ ಮೇಲಿಂದ ಒಳಗೆ ಇಣುಕಿ, "ಯಜಮಾನ್ರು ಇಲ್ವಾ?" ಎಂದು ಕೇಳುತ್ತಿದ್ದರು. ಪಂಚಾಕ್ಷರಪ್ಪ ಒಳಗಿನಿಂದಲೇ, "ಇದಾರೆ. ನಿಮ್ಮ ಮುಂದೇ ನಿಂತಾರಲ್ಲ," ಎನ್ನುತ್ತಿದ್ದರು. ಮಾವನ ಮೇಲೆ ಎಷ್ಟೇ ಸಿಟ್ಟು ಬಂದರೂ ಆ ಮಾತು ನೆನಪಾಗಿ ತಣ್ಣಗಾಗುತ್ತೇನೆ ಎಂದು ಯಶೋಧರಾ ಹೇಳುತ್ತಾರೆ. "ಆದ್ರೆ ಎಷ್ಟು ಸಲ ಅಂತ ತಣ್ಣಗಾಗೋದು ಹೇಳಿ?"

ಏಕೆಂದರೆ ಕೈ ಕೆಲಸ ಬಿಟ್ಟ ಮೇಲೆ ಪಂಚಾಕ್ಷರಪ್ಪನವರಿಗೆ ಇನ್ನೊಂದು ಕೆಲಸ ಹತ್ತಿಕೊಂಡಿತು. ಬೆಳಿಗ್ಗೆ ಬೀದಿ ಸುತ್ತಲು ಹೋಗುವುದು, ಬರುವಾಗ ಏನಾದರೊಂದು ಎತ್ತಿಕೊಂಡು ಬರುವುದು. ಫ್ಯಾನಿನ ರೆಗ್ಯುಲೇಟರ್, ಇಸ್ತ್ರಿ ಪೆಟ್ಟಿಗೆಯ ಹಿಡಿ, ಸೈಕಲ್ ಬೆಲ್ಲಿನ ಬಟ್ಟಲು, ಯಾರದೋ ಮಿಕ್ಸಿಯ ತಳ. ಮನೆಯಲ್ಲಿ ಎಲ್ಲಿ ಇಟ್ಟರೂ ಅವರಿಗೆ ಸಮಾಧಾನವಿಲ್ಲ, ಎಲ್ಲವೂ ಕೆಲಸದ ಮೇಜಿನ ಮೇಲೇ ಬೀಳಬೇಕು. ಮೇಜಿನ ಮೇಲೆ ಅವರ ಹಳೆಯ ಡಬ್ಬಿಗಳ ಸಾಲು ಮೊದಲೇ ಇತ್ತು: ತಿರುಪು, ಸ್ಪ್ರಿಂಗು, ಸವೆದ ಸೂಜಿ, ಯಾವ ಕಾಲದ ಯಾವ ಯಂತ್ರದ್ದೋ ಹೇಳಲಾಗದ ಹಲ್ಲಿನ ಚಕ್ರಗಳು. ಬರಬರುತ್ತಾ ಅಷ್ಟು ಉದ್ದದ ಮೇಜಿನಲ್ಲಿ ಯಶೋಧರಾಗೆ ಉಳಿದದ್ದು ಒಂದು ಮೊಳ ಜಾಗ. ಯಂತ್ರವನ್ನು ಮಗುಚಿ ಹಾಕಬೇಕಾದರೆ ನೆಲದ ಮೇಲೆ ಗೋಣಿಚೀಲ ಹಾಸಿ ಕೂರಬೇಕಾಯಿತು. ಸೊಂಟ ಹಿಡಿದುಕೊಂಡಿತು.

ಹೇಳಿ ನೋಡಿದ್ದಾರೆ. ಬೇಡಿ ನೋಡಿದ್ದಾರೆ. ಒಂದು ಕಪಾಟು ಕೊಡಿಸಿ, "ಮಾವಾ, ಇದು ಪೂರ್ತಿ ನಿಮ್ದು," ಅಂದಿದ್ದಾರೆ. ಪಂಚಾಕ್ಷರಪ್ಪ ಕಪಾಟನ್ನು ತುಂಬಿಸಿದರು. ಮೇಜು ಮಾತ್ರ ಖಾಲಿಯಾಗಲಿಲ್ಲ. ಗಂಡನಿಗೆ ಹೇಳಿದರೆ ಅವರು ಲಾರಿಯ ಕೀಲಿ ಹುಡುಕುತ್ತಾ, "ನೀವಿಬ್ರೂ ಏನಾರ ಮಾಡ್ಕಳ್ರಿ, ನನ್ನ ನಡುವೆ ಹಾಕ್ಬ್ಯಾಡ್ರಿ," ಎಂದು ಹೊರಡುತ್ತಿದ್ದರು. "ಆ ಕೀಲೀನೂ ಎಷ್ಟೋ ಸಲ ಆ ಮೇಜಿನ ಮೇಲೇ ಕಳೆದುಹೋಗಿರ್ತಿತ್ತು," ಎನ್ನುವಾಗ ಯಶೋಧರಾ ಹಣೆ ಚಚ್ಚಿಕೊಳ್ಳುತ್ತಾರೆ.

ಮಾತು ಕೈಮೀರಿದ್ದು ಹೋದ ವರ್ಷದ ಮದುವೆ ಕಾಲದಲ್ಲಿ. ಆನವಟ್ಟಿಯಲ್ಲಿ ರವಿಕೆ ಹೊಲಿಯುವ ನರ್ಮದಾ ತಮ್ಮ ಯಂತ್ರವನ್ನು ಕಳಿಸಿದ್ದರು. ದಾರದ ಬಿಗಿ ಹೊಂದಿಸುವ ಸಣ್ಣ ತಿರುಪೊಂದನ್ನು ಯಶೋಧರಾ ಬಿಚ್ಚಿ, ಕಾಗದದ ಮೇಲಿಟ್ಟು, ಒಲೆ ಮೇಲಿನ ಅನ್ನ ನೋಡಲು ಒಳಗೆ ಹೋಗಿ ಬಂದರು. ಬಂದು ನೋಡಿದರೆ ಕಾಗದವೂ ಇಲ್ಲ, ತಿರುಪೂ ಇಲ್ಲ. ಪಂಚಾಕ್ಷರಪ್ಪ ಸೊಸೆಗೆ ನೆರವಾಗಲೆಂದು ಎಲ್ಲವನ್ನೂ 'ಒಪ್ಪ ಮಾಡಿ' ಒಂದು ಡಬ್ಬಿಗೆ ಸುರಿದಿದ್ದರು. ಡಬ್ಬಿಯಲ್ಲಿ ಅಂಥವು ನೂರಾರು. ಇಬ್ಬರೂ ಕೂತು ಒಂದೊಂದಾಗಿ ಹಾಕಿ ನೋಡಿದರು, ಯಾವುದೂ ಹೊಂದಲಿಲ್ಲ. ಬೇರೆ ತಿರುಪು ತರಿಸುವುದರೊಳಗೆ ನರ್ಮದಾ ಒಪ್ಪಿಕೊಂಡಿದ್ದ ಮದುವೆಯ ದಿನವೇ ದಾಟಿತ್ತು. ಯಶೋಧರಾ ಯಂತ್ರವನ್ನು ತಾವೇ ಬಸ್ಸಿನಲ್ಲಿ ಆನವಟ್ಟಿಗೆ ಒಯ್ದು ಕ್ಷಮೆ ಕೇಳಿದರು. ನರ್ಮದಾ ಕೂಗಾಡಲಿಲ್ಲ. "ನಿಮ್ಮ ಕೈ ಒಳ್ಳೇದೇ ಯಶೋಧಕ್ಕ. ಆದ್ರೆ ನಿಮ್ಮ ಮನೇಲಿ ಕೊಟ್ಟಿದ್ದು ವಾಪಸ್ ಸಿಗುತ್ತೆ ಅನ್ನೋ ಧೈರ್ಯ ಇಲ್ಲ," ಅಂದರು. ಆ ಯಂತ್ರ ಮತ್ತೆ ಈ ಮನೆಗೆ ಬರಲಿಲ್ಲ.

"ಬೈದಿದ್ರೆ ಮರೆತುಬಿಡ್ತಿದ್ದೆ. ಆ ಮಾತು ಸುಳ್ಳಾಗಿರಲಿಲ್ಲವಲ್ಲ, ಅದಕ್ಕೇ ಚುಚ್ಚಿತು."

ಪಂಚಾಕ್ಷರಪ್ಪ ಸೊರಬದಲ್ಲಿರುವ ಮಗಳ ಮನೆಗೆ ಕೆಲವು ದಿನ ಇರಲು ಹೊರಟಾಗ ಯಶೋಧರಾ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಹತ್ತಿಸಿ ಬಂದರು. ಮನೆಗೆ ಬಂದವರೇ ಗಂಡನ ಲಾರಿ ಕೀಲಿಯನ್ನು ಕಿತ್ತುಕೊಂಡರು. "ಇವತ್ತು ನೀವು ಎಲ್ಲೂ ಹೋಗೋ ಹಾಗಿಲ್ಲ." ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೇಜನ್ನು ತೆರವು ಮಾಡತೊಡಗಿದರು. ಒಂದು ಪದರದ ಕೆಳಗೆ ಇನ್ನೊಂದು ಪದರ. ಮಹಾಂತೇಶ್ ಚಿಕ್ಕಂದಿನಲ್ಲಿ ಆಡುತ್ತಿದ್ದ ಚಕ್ರದ ಗಾಡಿಯ ಒಂದು ಚಕ್ರ ಸಿಕ್ಕಿತು, ಗಾಡಿ ಸಿಗಲಿಲ್ಲ. ಅವರು ಅದನ್ನು ಜೇಬಿಗೆ ಹಾಕಿಕೊಳ್ಳಲು ಹೋದಾಗ ಯಶೋಧರಾ ನೋಡಿದ ನೋಟಕ್ಕೆ ಹೆದರಿ ಚೀಲಕ್ಕೆ ಎಸೆದರು. ಕೆಲಸಕ್ಕೆ ಬರುವ ಬಿಡಿಭಾಗಗಳನ್ನು ಯಶೋಧರಾ ಬೇರೆ ಮಾಡಿ ಇಟ್ಟುಕೊಂಡರು. ಉಳಿದದ್ದನ್ನೆಲ್ಲ ಗುಜರಿ ಮಾರಪ್ಪ ತಳ್ಳುಗಾಡಿ ತಂದು ತುಂಬಿಕೊಂಡು ಹೋದರು. ಮೇಜಿನ ಹಲಗೆ ಕಾಣಿಸಿತು. ಸೋಪಿನ ನೀರಿನಲ್ಲಿ ತಿಕ್ಕಿದಾಗ ಮರದ ಗೆರೆಗಳೂ ಎದ್ದು ಬಂದವು. ಮರುದಿನ ಬೆಳಿಗ್ಗೆ ಯಶೋಧರಾ ಯಂತ್ರವನ್ನು ಮೇಜಿನ ಮಧ್ಯದಲ್ಲಿ ಮಗುಚಿ, ಸುತ್ತಲೂ ಕೈ ಬೀಸಿ ನೋಡಿದರು. ಎಲ್ಲೂ ಏನೂ ತಗುಲಲಿಲ್ಲ. "ಹೊಸ ಮನೆ ಕಟ್ಟಿಸಿದಷ್ಟು ಖುಷಿ ಆಯ್ತು ಮಾರಾಯ್ರೆ."

ಆ ಖುಷಿ ಮಾವ ವಾಪಸ್ ಬರುವವರೆಗೆ ಇತ್ತು.

ಪಂಚಾಕ್ಷರಪ್ಪ ಚಪ್ಪಲಿ ಬಿಟ್ಟು ಕೋಣೆಗೆ ಬಂದರು. ಮೇಜನ್ನು ನೋಡಿದರು. ಸೊಸೆ ಬೈಗುಳಕ್ಕೆ ಸಿದ್ಧರಾಗಿ ನಿಂತಿದ್ದರು, ಮರುಮಾತುಗಳನ್ನೂ ಜೋಡಿಸಿಕೊಂಡಿದ್ದರು. ಆದರೆ ಮುದುಕರು ಹಲಗೆಯ ಮೇಲೆ ಒಮ್ಮೆ ಅಂಗೈ ಆಡಿಸಿ, "ಚೊಕ್ಕ ಆಗ್ಯತಿ," ಅಂದರು. ಅಷ್ಟೇ. ಅವತ್ತಿನಿಂದ ಆ ಕೋಣೆಗೆ ಕಾಲಿಡಲಿಲ್ಲ. ಜಗಲಿಯ ಮೇಲೆ ಕೂತು ಬಂದವರಿಗೆಲ್ಲ, "ನನ್ನ ಕೇಳಬ್ಯಾಡ್ರಪ್ಪ, ಒಳಗೆ ನಂದೇನೂ ಇಲ್ಲ ಈಗ," ಎನ್ನತೊಡಗಿದರು. ಗಿರಾಕಿಗಳು ಒಳಗೆ ಬಂದು ಯಶೋಧರಾ ಮುಖವನ್ನು ಒಂದು ಥರ ನೋಡುತ್ತಿದ್ದರು. "ಸಾಮಾನು ತುಂಬಿದ್ದಾಗ ಅವರ ಮೇಲೆ ಸಿಟ್ಟಿತ್ತು. ಖಾಲಿ ಆದಮೇಲೆ ಅದರ ಎರಡರಷ್ಟು ಸಿಟ್ಟು. ಬೈದಾದ್ರೂ ಬೈಬಾರ್ದಾ? ಊಟಕ್ಕೆ ಕರೆದ್ರೆ ಬರ್ತಾರೆ, ಉಂಡು ಎದ್ದು ಹೋಗ್ತಾರೆ."

ಅಂಥ ದಿನಗಳಲ್ಲೇ ಸೊರಬ ಕಡೆಯ ಜಡೆ ಎಂಬ ಊರಿನಿಂದ ದ್ಯಾಮಮ್ಮ ಬಂದರು. ದ್ಯಾಮಮ್ಮನಿಗೆ ಚಿಕ್ಕಂದಿನಿಂದ ಕಾಲಿಗೆ ಬಲವಿಲ್ಲ. ನೆಲದ ಮೇಲೆ ಕೂತು, ಕೈಯಿಂದ ತಿರುಗಿಸುವ ತೀರಾ ಹಳೆಯ ಯಂತ್ರದಲ್ಲಿ ಊರಿನವರ ಲಂಗ, ದಿಂಬಿನ ಚೀಲ, ಮಕ್ಕಳ ಅಂಗಿ ಹೊಲಿಯುತ್ತಾರೆ. ತಮ್ಮನ ಸಂಸಾರದ ಜತೆ ವಾಸ. ಆಟೋದವರು ಅವರನ್ನೂ ಯಂತ್ರವನ್ನೂ ಎತ್ತಿ ತಂದು ಕೋಣೆಯಲ್ಲಿ ಕೂರಿಸಿ ಹೋದರು.

"ಹೊಲಿಗೆ ತಪ್ತೈತೆ ತಂಗಿ. ನಾಕು ಹೊಲಿಗೆ ಬಿದ್ರೆ ಎರಡು ಹಾರೋಯ್ತೈತೆ. ಸೊರಬದಾಗೆ ತೋರಿಸ್ದೆ, ಗುಜರಿಗೆ ಹಾಕು ಅಂದ್ರು."

"ಹೊಸ ಕೈಯಂತ್ರ ಸಿಗುತ್ತಲ್ಲ ದ್ಯಾಮಕ್ಕ?"

"ತಂದು ನೋಡ್ದೆ ಮಾರಾಯ್ತಿ. ತಿರುಗ್ಸಿ ತಿರುಗ್ಸಿ ಭುಜ ಬಿದ್ದೋತು. ಇದಾದ್ರೆ ಹೂವಿನಂಗೆ ತಿರುಗ್ತೈತೆ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಹೊಲಿಗೆ ನಿಂತ್ರೆ ಆ ಮನೆಯಾಗೆ ನಾನೂ ಒಂದು ಮೂಟೆನೇಯ."

ಯಶೋಧರಾ ಯಂತ್ರ ತೆರೆದರು. ಈಗಿನ ಯಂತ್ರಗಳಲ್ಲಿ ಕೆಳದಾರ ಸುತ್ತಿದ ದುಂಡನೆಯ ಬಾಬಿನ್ ಇರುತ್ತದೆ. ಇದರಲ್ಲಿ ಆ ದಾರವನ್ನು ಹೊತ್ತ ಬೆರಳುದ್ದದ ದೋಣಿಯಂಥ ಶಟಲ್ ಒಳಗೆ ಹಿಂದೆಮುಂದೆ ಓಡಾಡುತ್ತದೆ. ಅದರ ಚೂಪಾದ ಮೂತಿ ಮೇಲಿನ ದಾರದ ಕುಣಿಕೆಯನ್ನು ಹಿಡಿದರೆ ಹೊಲಿಗೆ, ತಪ್ಪಿದರೆ ಬರೀ ತೂತು. ದ್ಯಾಮಮ್ಮನ ಶಟಲ್‌ನ ಮೂತಿ ತಿಂದುಹೋದಂತೆ ಕಂಡಿತು. ಅಂಥ ಶಟಲ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಹೇಳಿದರು. ಅಷ್ಟರಲ್ಲಿ ಜಗಲಿಯಿಂದ ಮಾವನ ದನಿ ಬಂತು.

"ಬಿಸ್ಕತ್ತಿನ ಡಬ್ಬಿಯಾಗೆ ಅಂಥವು ಇದ್ವು. ಗಾಡಿ ಹತ್ತಿ ಹೋದ್ವು."

ಸೊಸೆಗೆ ಸಿಟ್ಟು ನೆತ್ತಿಗೇರಿತು. ಆ ಡಬ್ಬಿಯನ್ನು ತುಕ್ಕಿನ ಗಂಟು ಎಂದುಕೊಂಡು ಮುಚ್ಚಳ ತೆರೆಯದೆ ಹಾಕಿದ್ದು ನಿಜ. ಆದರೆ ಇಷ್ಟು ದಿನ ಬಾಯಿ ಬಿಡದೆ ಕೂತು, ಈಗ ಗಿರಾಕಿಯ ಮುಂದೆ ಹೇಳಬೇಕೆ? "ಏಳ್ರಿ ಮಾವಾ," ಎಂದರು. "ಹೋಗಿ ಹುಡುಕಿ ತರೋಣ. ನೀವೂ ಬರಬೇಕು."

ದ್ಯಾಮಮ್ಮನಿಗೆ ಚಹಾ ಕೊಟ್ಟು, ಮಾವನನ್ನು ಆಟೋದಲ್ಲಿ ಕೂರಿಸಿಕೊಂಡು ಮಾರಪ್ಪನ ಗುಜರಿಗೆ ಹೋದರು. ಅಲ್ಲಿ ತಗಡು, ಬಕೆಟ್ಟು, ಮಂಚದ ಕಾಲುಗಳ ರಾಶಿಯ ನಡುವೆ ಯಶೋಧರಾ ಮೊಣಕಾಲೂರಿ ಕೆದಕಿದರು. ಕೈ ಗೀರಿತು. ಕೊನೆಗೆ ಮಾರಪ್ಪನೇ ಒಂದು ಗೋಣಿಚೀಲದ ತಳದಿಂದ ಡಬ್ಬಿಯನ್ನು ಎಳೆದು ಕೊಟ್ಟರು. ಮುಚ್ಚಳ ಕಲ್ಲಿನಿಂದ ತಟ್ಟಿದ ಮೇಲೆ ತೆರೆಯಿತು. ಒಳಗೆ ನಿಜಕ್ಕೂ ದೋಣಿಯಂಥ ಶಟಲ್‌ಗಳಿದ್ದವು.

ಪಂಚಾಕ್ಷರಪ್ಪ ಒಂದು ತಗಡಿನ ಡ್ರಮ್ಮಿನ ಮೇಲೆ ಕೂತು ಒಂದೊಂದನ್ನೇ ಎತ್ತಿ, ಮೊನೆ ಉಳಿದಿದೆಯೇ ಎಂದು ಮೂತಿಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದರು. ಒಂದನ್ನು ಪಕ್ಕಕ್ಕಿಟ್ಟರು. ಇನ್ನೊಂದನ್ನು ಇಟ್ಟರು. ಕೊನೆಯದನ್ನೂ ಇಟ್ಟರು.

"ಯಾಕೆ ಮಾವಾ? ಯಾವುದು ಹೊಂದುತ್ತೆ?"

"ಯಾವುದೂ ಇಲ್ಲವ್ವ. ಎಲ್ಲಾ ಸವೆದಾವೆ." ಮತ್ತೆ ಹೇಳಿದರು: "ಸವೆದಾವೆ ಅಂತ ನಾನೇ ಬಿಚ್ಚಿ ತೆಗೆದು ಹೊಸದು ಹಾಕಿದ್ನಲ್ಲ. ಆ ಹಳೇವು ಇವು. ಒಳ್ಳೇದಿದ್ರೆ ಯಂತ್ರದಾಗೇ ಇರ್ತಿತ್ತು, ಡಬ್ಬಿಯಾಗೆ ಯಾಕೆ ಇರ್ತಿತ್ತು?"

ಹೇಳಿ ಅವರು ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕದ್ದು. ಯಶೋಧರಾಗೆ ನಗು ಬರಲಿಲ್ಲ. ಈ ಡಬ್ಬಿಗಾಗಿ ಎಷ್ಟು ವರ್ಷ ನೆಲದ ಮೇಲೆ ಕೂತು ಸೊಂಟ ನೋಯಿಸಿಕೊಂಡೆ ಎಂದು ಅಳು ಬಂತು. ಪಂಚಾಕ್ಷರಪ್ಪ ಶಟಲ್‌ಗಳನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ತಾವೇ ಎದ್ದು ಹೋಗಿ ರಾಶಿಯ ಮೇಲೆ ಇಟ್ಟು ಬಂದರು. "ಆ ಹೆಣ್ಮಗಳ ಶಟಲ್ ಎಲ್ಲೈತಿ? ಅದನ್ನ ಕೊಡು ಇಲ್ಲಿ," ಎಂದರು.

ಯಶೋಧರಾ ಅದನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ಮುದುಕರು ಅದನ್ನೂ ಉಗುರಿನ ಮೇಲೆ ಎಳೆದರು. ಮತ್ತೆ ಎಳೆದರು. ಮೂತಿ ಸವೆದಿರಲಿಲ್ಲ; ಸೂಜಿಗೆ ಬಡಿದು ತುದಿ ಮಡಚಿಕೊಂಡು, ಮುಳ್ಳಿನಂತೆ ಎದ್ದಿತ್ತು. ಅದನ್ನು ಸಾಣೆಕಲ್ಲಿನಲ್ಲಿ ನಯ ಮಾಡಿದರೆ ಆಗಬಹುದು. ಆದರೆ ಒಂದು ಉಜ್ಜು ಹೆಚ್ಚಾದರೆ ಮೂತಿ ಗಿಡ್ಡವಾಗಿ ಆ ಯಂತ್ರ ಮತ್ತೆಂದೂ ಹೊಲಿಯದು.

ಮನೆಗೆ ಬಂದವರು ನೇರ ಮೇಜಿಗೆ ಹೋದರು, ಇಬ್ಬರೂ. ಕಲ್ಲಿಗೆ ಎಣ್ಣೆ ಹಾಕಿ ಯಶೋಧರಾ ಒಂದು ಸಲ ಉಜ್ಜುವುದು, ಮುಳ್ಳು ಇನ್ನೂ ತಗುಲುತ್ತದೆಯೇ ಎಂದು ಪಂಚಾಕ್ಷರಪ್ಪ ಉಗುರಿನ ಮೇಲೆ ಎಳೆದು ನೋಡುವುದು. ನಡುಗುವ ಕೈಯಾದರೂ ಮೇಜಿಗೆ ಊರಿದರೆ ಉಗುರು ನಿಲ್ಲುತ್ತಿತ್ತು.

"ಇನ್ನಾ ಕಚ್ತತಿ."

ಮತ್ತೊಂದು ಉಜ್ಜು.

"ಎಡಕ್ಕೆ ಸ್ವಲ್ಪ. ನಿಧಾನ. ಎಷ್ಟು ಒತ್ತೀ ನೀನು?"

"ಮಾವಾ, ಕಲ್ಲು ಹಿಡಿದಿರೋದು ನಾನು. ನೀವು ಉಗುರು ನೋಡ್ಕೊಳ್ಳಿ."

ಮೂಲೆಯಲ್ಲಿ ದ್ಯಾಮಮ್ಮ ಅವರ ಜಗಳ ಕೇಳುತ್ತಾ, ತಮ್ಮ ಯಂತ್ರದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು. ಮಧ್ಯಾಹ್ನದ ಊಟ ಅಲ್ಲೇ ಆಯಿತು. ಬಿಸಿಲು ಇಳಿಯುವ ಹೊತ್ತಿಗೆ ಪಂಚಾಕ್ಷರಪ್ಪ ಉಗುರಿನ ಮೇಲೆ ಎಳೆದು, ಶಟಲನ್ನು ಸೊಸೆಯ ಅಂಗೈಯಲ್ಲಿ ಇಟ್ಟರು. ಯಶೋಧರಾ ಅದನ್ನು ಕೂರಿಸಿ, ದಾರ ಎಳೆದು, ಬಟ್ಟೆಯ ತುಂಡು ಕೊಟ್ಟರು. ದ್ಯಾಮಮ್ಮ ಹಿಡಿ ತಿರುಗಿಸಿದರು. ತುಂಡು ಮುಗಿಯಿತು, ಇನ್ನೊಂದು ತುಂಡು ಕೊಟ್ಟರು, ಅದೂ ಮುಗಿಯಿತು. ಎಲ್ಲೂ ಹೊಲಿಗೆ ತಪ್ಪಲಿಲ್ಲ. ದ್ಯಾಮಮ್ಮ ನಿಲ್ಲಿಸಲೇ ಇಲ್ಲ. ಬಟ್ಟೆ ಇಲ್ಲದಾಗ ತಮ್ಮ ಸೀರೆಯ ಸೆರಗಿನ ಅಂಚನ್ನೇ ಸೂಜಿಯ ಕೆಳಗೆ ಇಟ್ಟು ಹೊಲಿದರು.

ಜಡೆಯಲ್ಲಿ ಆ ಯಂತ್ರ ಇಂದಿಗೂ ನಡೆಯುತ್ತಿದೆ. ಪಂಚಾಕ್ಷರಪ್ಪ ಕೋಣೆಗೆ ಮರಳಿದ್ದಾರೆ. ಮೇಜಿನ ಬಲತುದಿಯಲ್ಲಿ ಅವರಿಗೊಂದು ಕುರ್ಚಿ; ನಯ ನೋಡುವ ಕೆಲಸವೆಲ್ಲ ಅವರ ಉಗುರಿನದು. ಇದರಿಂದ ಎಲ್ಲ ಸರಿಹೋಯಿತು ಎಂದುಕೊಂಡರೆ ಯಶೋಧರಾ ಒಪ್ಪುವುದಿಲ್ಲ. "ಎಂತ ಸರಿಹೋಗೋದು? ಬೀದಿ ಸುತ್ತೋದು ಬಿಟ್ಟಿಲ್ಲ, ತರೋದು ಬಿಟ್ಟಿಲ್ಲ. ಒಂದೇ ವ್ಯತ್ಯಾಸ ಅಂದ್ರೆ, ಈಗ ನಾನು ಎತ್ತಿ ಎಸೆದ್ರೆ ಸುಮ್ಮನಿರಲ್ಲ, ಬಾಯ್ತುಂಬ ಬೈತಾರೆ. ನಾನೂ ಬೈತೀನಿ. ಓಣಿಯೋರಿಗೆಲ್ಲ ಕೇಳುತ್ತೆ. ಕೇಳ್ಲಿ ಬಿಡಿ."

ಮುಂದೆ ಏನಾಗಬೇಕು ಅಂತ ಆಸೆ ಎಂದು ಕೇಳಿದರೆ ಅವರು ಬ್ರಷ್ ಎತ್ತಿಕೊಳ್ಳುತ್ತಾರೆ. ಬಿಚ್ಚಿದ ಯಂತ್ರದ ಹಲ್ಲುಗಳ ನಡುವಿನ ದಾರದ ಚೂರುಗಳನ್ನು ಬ್ರಷ್‌ನಿಂದ ಕೀಳುತ್ತಾರೆ, ಎರಡು ಹನಿ ಎಣ್ಣೆ ಬಿಡುತ್ತಾರೆ, ಚಕ್ರವನ್ನು ತಿರುಗಿಸಿ ಕಿವಿಗೊಟ್ಟು ಕೇಳುತ್ತಾರೆ. ಮಾವ ಚಹಾ ಕುಡಿಯಲು ಒಳಗೆ ಹೋಗಿದ್ದು ಖಚಿತವಾದ ಮೇಲೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ:

"ನನ್ನ ಕೈಯೂ ಒಂದಿನ ನಡುಗುತ್ತೆ ರೀ. ಆಗ ನಾನೂ ಏನೇನೋ ತಂದು ಈ ಮೇಜಿನ ಮೇಲೆ ಸುರೀತೀನೋ ಏನೋ, ಯಾರಿಗೆ ಗೊತ್ತು. ದಿನಾ ಬೈಕೊಂಡು ಎತ್ತಿಡೋರು ಒಬ್ಬರು ಇದ್ರೆ ಸಾಕು."